ಸತ್ತಿದ್ದು ಅಪಘಾತದಲ್ಲಿ, ನಕ್ಕಿದ್ದು ಯಾಕೆ?

2023ರ ಜೂನ್ 18ರಂದು ಟೈಟನ್ ಎಂಬ ಪುಟ್ಟ ಜಲಾಂತರ್ಗಾಮಿ ಉತ್ತರ ಅಟ್ಲಾಂಟಿಕ್‌ನಲ್ಲಿ ನೀರಿಗಿಳಿಯಿತು. ಒಳಗೆ ಐದು ಜನ. ಸಮುದ್ರದ ತಳದಲ್ಲಿ ಬಿದ್ದಿರುವ ಟೈಟಾನಿಕ್ ಹಡಗನ್ನು ನೋಡಿ ಬರಬೇಕು ಅಂತ ಹೊರಟವರು. ಇಳಿದು ಸುಮಾರು ಒಂದೂಮುಕ್ಕಾಲು ತಾಸು ಆಗುವಷ್ಟರಲ್ಲಿ ಮೇಲಿದ್ದ ಹಡಗಿನ ಜೊತೆ ಸಂಪರ್ಕ ಕಡಿದುಹೋಯಿತು. ಒಳಗೆ 96 ಗಂಟೆಗೆ ಆಗುವಷ್ಟು ಆಮ್ಲಜನಕ ಇದೆ ಅಂತ ಸುದ್ದಿ ಹಬ್ಬಿತು. ಜಗತ್ತೆಲ್ಲ ಗಂಟೆ ಎಣಿಸಲು ಕೂತಿತು. ಐವರು ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮೀಮ್‌ಗಳು ಮಾತ್ರ ಆಗಲೇ ತಯಾರಾಗಿದ್ದವು.

ನಾನೂ ಒಂದೆರಡಕ್ಕೆ ನಕ್ಕೆ. ಸುಳ್ಳು ಯಾಕೆ ಹೇಳಲಿ? ಒಂದು ಟಿಕೆಟ್‌ಗೆ 2,50,000 ಡಾಲರ್. ಅದನ್ನು ನಡೆಸುವುದು ನೋಡಿದರೆ ಮಕ್ಕಳು ವಿಡಿಯೋ ಗೇಮ್ ಆಡುವ ಕಂಟ್ರೋಲರ್‌ನಿಂದ. ಜೋಕ್ ಯಾರೂ ಮಾಡಬೇಕಾಗಿಯೇ ಇರಲಿಲ್ಲ, ತಾನಾಗಿಯೇ ಹುಟ್ಟಿಕೊಳ್ಳುವಂತಿತ್ತು. ಜೂನ್ 22ರಂದು ಟೈಟಾನಿಕ್ ಹತ್ತಿರವೇ ಟೈಟನ್‌ನ ಚೂರುಗಳು ಸಿಕ್ಕವು. ನೀರಿನ ಒತ್ತಡಕ್ಕೆ ಅದು ಕಣ್ಣು ಮಿಟುಕಿಸುವುದರೊಳಗೆ ಒಳಕ್ಕೆ ಕುಸಿದಿತ್ತು. ಐದೂ ಜನ ಹೋಗಿದ್ದರು. ಅವರಲ್ಲಿ ಒಬ್ಬ ಅಪ್ಪನ ಜೊತೆ ಬಂದಿದ್ದ 19 ವರ್ಷದ ಹುಡುಗ. ಅದನ್ನು ಓದಿ ಫೋನ್ ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡೆ. ಅದೂ ನಿಜವೇ.

ಇಂಥದ್ದು ನಡೆದಾಗಲೆಲ್ಲ ಅದೇ ಜಗಳ ಶುರುವಾಗುತ್ತದೆ. ಒಬ್ಬರು "ಛೀ, ಮನುಷ್ಯತ್ವ ಇಲ್ವಾ?" ಅನ್ನುತ್ತಾರೆ. ಇನ್ನೊಬ್ಬರು "ಜೋಕ್ ಅಷ್ಟೇ ಕಣ್ರೀ, ಯಾಕೆ ಇಷ್ಟು ಸೀರಿಯಸ್?" ಅನ್ನುತ್ತಾರೆ. ನನಗೆ ಎರಡೂ ಸೋಮಾರಿ ಉತ್ತರ ಅನ್ನಿಸುತ್ತದೆ. ಮೊದಲನೆಯವರು ಸಾವಿನ ಮನೆಯಲ್ಲಿ ಜನ ನಗುವುದನ್ನು ನೋಡೇ ಇಲ್ಲ ಅನ್ನುವಂತೆ ಮಾತಾಡುತ್ತಾರೆ. ಎರಡನೆಯವರು ತಮ್ಮ ಮನೆಯ ಸಾವಿಗೆ ಅದೇ ಜೋಕ್ ಬಂದರೆ ಏನು ಮಾಡುತ್ತಾರೆ ಅಂತ ಯೋಚಿಸಿಯೇ ಇರುವುದಿಲ್ಲ.

ನನ್ನ ತಕರಾರು ಬೇರೆ. ಅಪಘಾತದ ಜೋಕ್ ಅಂತ ಓಡಾಡುವ ಹೆಚ್ಚಿನವುಗಳಲ್ಲಿ ಅಪಘಾತವೇ ಇರುವುದಿಲ್ಲ. ಅಪಘಾತ ಅಂದರೆ ಯಾರೂ ಬಯಸದೆ ಆಗಿಹೋದದ್ದು. ಬಯಸದೆ ಆದದ್ದಕ್ಕೆ ನಗುವುದು ಕಷ್ಟ. ಹಾಗಾಗಿ ಜೋಕ್ ಮಾಡುವವರು ಒಂದು ಕೈಚಳಕ ತೋರಿಸುತ್ತಾರೆ. ಅಪಘಾತವನ್ನು ಮೊದಲು ಸತ್ತವನ ತಪ್ಪು ಮಾಡುತ್ತಾರೆ. ಆಮೇಲೆ ಆ ತಪ್ಪಿಗೆ ಸಾವನ್ನು ಶಿಕ್ಷೆಯಾಗಿ ಹೊಂದಿಸುತ್ತಾರೆ. "ಹೀಗೆ ಮಾಡಿದ್ರೆ ಇನ್ನೇನಾಗುತ್ತೆ?" ಅನ್ನುವ ಸಾಲು ಬಂತೆಂದರೆ ಕೆಲಸ ಮುಗಿಯಿತು. ಆಗ ನಗು ಸಲೀಸು.

ಟೈಟನ್‌ನ ಕಂಟ್ರೋಲರನ್ನೇ ನೋಡಿ. ಅರ್ಧಕ್ಕರ್ಧ ಮೀಮ್‌ಗಳು ಅದರ ಮೇಲೆ. ಆಟದ ಸಾಮಾನು ಹಿಡಿದು ಸಮುದ್ರಕ್ಕಿಳಿದ ಪೆದ್ದರು ಅಂತ. ಆದರೆ ಅಮೆರಿಕದ ನೌಕಾಪಡೆಯೇ 2018ರಲ್ಲಿ ಸೇವೆಗೆ ಬಂದ ಯುಎಸ್ಎಸ್ ಕೊಲರಾಡೋ ಎಂಬ ಸಬ್‌ಮರೀನ್‌ನಲ್ಲಿ ಪೆರಿಸ್ಕೋಪ್ ತಿರುಗಿಸಲು ಎಕ್ಸ್‌ಬಾಕ್ಸ್ ಕಂಟ್ರೋಲರ್ ಇಟ್ಟುಕೊಂಡಿದೆ. ಅದು ಅಗ್ಗ, ಹುಡುಗರ ಕೈಗೆ ಮೊದಲೇ ಪಳಗಿರುತ್ತದೆ. ಟೈಟನ್ ಕುಸಿದದ್ದು ಅದರಿಂದಲ್ಲ. ತೊಂದರೆ ಇದ್ದದ್ದು ಜನ ಕೂರುವ ಕೊಳವೆಯಲ್ಲಿ. ಅದನ್ನು ಕಾರ್ಬನ್ ಫೈಬರ್‌ನಿಂದ ಮಾಡಿದ್ದರು. ಅಷ್ಟು ಆಳದ ಒತ್ತಡಕ್ಕೆ ಅದನ್ನು ನಂಬುವಂತಿಲ್ಲ ಅಂತ ಕಂಪನಿಯ ಒಳಗಿನವರೊಬ್ಬರು 2018ರಲ್ಲೇ ತಕರಾರು ಎತ್ತಿದ್ದರು. ಅದೇ ವರ್ಷ ಹೊರಗಿನ ಪರಿಣತರೂ ಪತ್ರ ಬರೆದಿದ್ದರು. 2025ರ ಆಗಸ್ಟ್‌ನಲ್ಲಿ ಬಂದ ಅಮೆರಿಕದ ಕೋಸ್ಟ್ ಗಾರ್ಡ್ ವರದಿ ಇದು ತಪ್ಪಿಸಬಹುದಾಗಿದ್ದ ದುರಂತ ಅಂದಿತು. ಅಂದರೆ ಕೋಪ ಬರಬೇಕಾದ ಜಾಗ ಒಂದಿತ್ತು, ನಾವು ನಕ್ಕ ಜಾಗ ಇನ್ನೊಂದು. ಕಣ್ಣಿಗೆ ಕಂಡದ್ದು ಕಂಟ್ರೋಲರ್, ಹಾಗಾಗಿ ಜೋಕ್ ಅದಕ್ಕೇ ಅಂಟಿಕೊಂಡಿತು. ಕಾರ್ಬನ್ ಫೈಬರ್ ಬಗ್ಗೆ ಮೀಮ್ ಮಾಡುವುದು ಕಷ್ಟ, ಅಲ್ವಾ?

ಜೋಕ್ ಹೀಗೆ ನಡೆದದ್ದನ್ನು ತಿದ್ದುತ್ತದೆ ಅನ್ನುವುದಕ್ಕೆ ಇನ್ನೂ ಹಳೆಯ ಉದಾಹರಣೆ ಲಂಡನ್ನಿನ ಬಿಯರ್ ಪ್ರವಾಹ. ತಮಾಷೆಯ ಇತಿಹಾಸ ಅಂತ ಬರುವ ಪಟ್ಟಿಗಳಲ್ಲಿ ಇದು ಇದ್ದೇ ಇರುತ್ತದೆ. 1814ರ ಅಕ್ಟೋಬರ್ 17ರಂದು ಸೇಂಟ್ ಜೈಲ್ಸ್ ಎಂಬ ಬಡವರ ಬಡಾವಣೆಯ ಪಕ್ಕದ ಕಾರ್ಖಾನೆಯಲ್ಲಿ 20 ಅಡಿಗೂ ಎತ್ತರದ ಬಿಯರ್ ತೊಟ್ಟಿ ಒಡೆಯಿತು. ಬಿಯರ್ ಅಲೆಯಾಗಿ ಗೋಡೆ ಮುರಿದು ಹಿಂದಿನ ಬೀದಿಗೆ ನುಗ್ಗಿತು. ಓದಿದ ತಕ್ಷಣ ತುಟಿ ಅರಳುತ್ತದೆ. ಬಿಯರ್‌ನಲ್ಲಿ ಮುಳುಗಿ ಸಾಯುವುದಂತೆ! ಜನ ಬಕೆಟ್ ತಂದು ತುಂಬಿಕೊಂಡರು, ಬೀದಿಯೆಲ್ಲ ಕುಡಿದು ತೂರಾಡಿತು, ಒಬ್ಬ ಕುಡಿದೇ ಸತ್ತ ಅಂತ ಮುಂದುವರಿಯುತ್ತದೆ ಕಥೆ.

ಸತ್ತವರು ಎಂಟು ಜನ. ಎಲ್ಲರೂ ಹೆಂಗಸರು, ಮಕ್ಕಳು. ಒಂದು ನೆಲಮಾಳಿಗೆಯಲ್ಲಿ ಎರಡು ವರ್ಷದ ಮಗು ತೀರಿಕೊಂಡಿತ್ತು. ಅದರ ಶವದ ಪಕ್ಕ ಕೂತು ಅಳುತ್ತಿದ್ದವರ ಮೇಲೆ ಅಲೆ ನುಗ್ಗಿತು. ಎಂಟರಲ್ಲಿ ಐದು ಜನ ಸತ್ತದ್ದು ಅಲ್ಲೇ. ಆ ದಿನಗಳ ಪತ್ರಿಕೆಗಳಲ್ಲಿ ಕುಡಿದು ತೂರಾಡಿದ ಜನರ ಸುದ್ದಿಯೇ ಇಲ್ಲ. ಅವಶೇಷದ ಕೆಳಗೆ ಸಿಕ್ಕಿದವರ ದನಿ ಕೇಳಲಿ ಅಂತ ಸುತ್ತಲಿನವರು ಸದ್ದು ಮಾಡದೆ ನಿಂತಿದ್ದರು ಅನ್ನುವ ವಿವರ ಇದೆ. ಬಕೆಟ್, ತೂರಾಟ ಎಲ್ಲ ಆಮೇಲೆ ಸೇರಿಕೊಂಡದ್ದು. ಯಾಕೆ ಸೇರಿತು? ಅದಿಲ್ಲದೆ ಜೋಕ್ ಪೂರ್ತಿ ಆಗುವುದಿಲ್ಲ. ಅತ್ತವರನ್ನು ಕುಡುಕರು ಮಾಡಿದರೆ ಮಾತ್ರ ನಾವು ನೆಮ್ಮದಿಯಾಗಿ ನಗಬಹುದು.

ಇನ್ನೂರು ವರ್ಷ ಕಳೆದಿದೆಯಲ್ಲ, ಈಗ ನಕ್ಕರೆ ಏನು ತಪ್ಪು ಅಂತ ಕೇಳಬಹುದು. ಕಾಲ ಎಲ್ಲವನ್ನೂ ಸರಿ ಮಾಡುತ್ತದೆ ಅನ್ನುವುದು ಹಾಸ್ಯಗಾರರ ಹಳೆಯ ವಾದ. 2001ರ ಸೆಪ್ಟೆಂಬರ್ 11ರ ದಾಳಿ ನಡೆದು ಮೂರು ವಾರ ತುಂಬುವ ಮೊದಲು ಗಿಲ್ಬರ್ಟ್ ಗಾಟ್‌ಫ್ರೀಡ್ ಎಂಬ ಹಾಸ್ಯಗಾರ ನ್ಯೂಯಾರ್ಕ್‌ನ ವೇದಿಕೆಯಲ್ಲಿ ವಿಮಾನದ ಜೋಕ್ ಹೊಡೆದರು. ಸಭೆಯಿಂದ ಯಾರೋ "ಇಷ್ಟು ಬೇಗವಾ!" ಅಂತ ಕೂಗಿದರು. ಹಾಗಾದರೆ ಎಷ್ಟು ದಿನ ಆದ ಮೇಲೆ ಬೇಗ ಅಲ್ಲ?

ತಮಾಷೆ ಅಂದರೆ ಇದನ್ನು ಅಳೆದವರೂ ಇದ್ದಾರೆ. 2012ರ ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿತು. ಪೀಟರ್ ಮೆಕ್‌ಗ್ರಾ ಎಂಬ ಸಂಶೋಧಕ ಮತ್ತು ಅವರ ಜೊತೆಗಾರರು ಚಂಡಮಾರುತದ ಜೋಕುಗಳನ್ನು ಬೇರೆ ಬೇರೆ ದಿನ ಜನರ ಮುಂದಿಟ್ಟು ಎಷ್ಟು ನಗು ಬಂತು ಅಂತ ಕೇಳುತ್ತ ಹೋದರು. ಹಾನಿಯ ಅಂದಾಜು ಸಿಕ್ಕಂತೆ ನಗು ಇಳಿಯಿತು. 15ನೇ ದಿನದ ಹೊತ್ತಿಗೆ ತೀರಾ ಕಮ್ಮಿ. 36ನೇ ದಿನಕ್ಕೆ ಏರಿತು. 99ನೇ ದಿನ ಕೇಳಿದರೆ ಮತ್ತೆ ಇಳಿದಿತ್ತು. ಆಗ ನೋವಾಗಿ ಅಲ್ಲ, ಬೇಸರವಾಗಿ. ಚಂಡಮಾರುತ ಹಳೇ ಸುದ್ದಿಯಾಗಿತ್ತು.

ಇದೇ ಮೆಕ್‌ಗ್ರಾ, ಕೇಲೆಬ್ ವಾರೆನ್ ಜೊತೆ ಸೇರಿ 2010ರಲ್ಲಿ ನಗುವಿನ ಬಗ್ಗೆ ಒಂದು ಸರಳ ವಿವರಣೆ ಕೊಟ್ಟಿದ್ದರು. ಏನೋ ಎಡವಟ್ಟಾಗಿದೆ ಅನ್ನಿಸಬೇಕು. ಅದೇ ಕ್ಷಣಕ್ಕೆ ಪರವಾಗಿಲ್ಲ ಅಂತಲೂ ಅನ್ನಿಸಬೇಕು. ಎರಡೂ ಒಟ್ಟಿಗೆ ಬಂದರೆ ನಗು. ಕಚಗುಳಿ ನೆನಪಿಸಿಕೊಳ್ಳಿ. ನಮಗೆ ನಾವೇ ಇಟ್ಟುಕೊಂಡರೆ ನಗು ಬರದು, ಎಡವಟ್ಟೇನೂ ಇಲ್ಲ. ದಾರಿಯಲ್ಲಿ ಹೋಗುವ ಅಪರಿಚಿತ ಇಟ್ಟರೆ ಭಯ, ಪರವಾಗಿಲ್ಲ ಅನ್ನಿಸುವುದೇ ಇಲ್ಲ. ಗೆಳೆಯ ಇಟ್ಟರೆ ಮಾತ್ರ ನಗು. ಅದಕ್ಕೂ ನೂರಹತ್ತು ವರ್ಷ ಮೊದಲು, 1900ರಲ್ಲಿ, ಫ್ರಾನ್ಸ್‌ನ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ ನಗುವಿನ ಬಗ್ಗೆ ಬರೆಯುವಾಗ ಓಡುತ್ತ ಎಡವಿ ಬಿದ್ದವನನ್ನೇ ಉದಾಹರಣೆ ಮಾಡಿಕೊಂಡಿದ್ದರು. ನಗಬೇಕಾದರೆ ಹೃದಯಕ್ಕೆ ಒಂದು ಕ್ಷಣ ಅರಿವಳಿಕೆ ಕೊಟ್ಟಿರಬೇಕು ಅನ್ನುವುದು ಅವರ ಮಾತಿನ ಅರ್ಥ.

ಅರಿವಳಿಕೆ ಅನ್ನುವ ಹೋಲಿಕೆ ನನಗೆ ಇಷ್ಟ. ಅದರಲ್ಲಿ ನಗು ಕೆಟ್ಟದ್ದು ಅನ್ನುವ ದೂರಿಲ್ಲ. ಆಪರೇಷನ್‌ಗೆ ಅರಿವಳಿಕೆ ಬೇಕೇ ಬೇಕು. ಕೇಳಬೇಕಾದದ್ದು ಬೇರೆ. ಚುಚ್ಚುಮದ್ದು ಯಾರಿಗೆ, ಕತ್ತರಿ ಯಾರಿಗೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ. ಇಲ್ಲಿ ಇಲಿಯ ಪ್ರಾಣ ಆಗಲೇ ಹೋಗಿದೆ. ಸಂಕಟ ಮನೆಯವರ ಪಾಲಿಗೆ ಉಳಿದಿದೆ.

ಹತ್ತಿರದ ಒಂದು ಘಟನೆ ಹೇಳುತ್ತೇನೆ. ನನ್ನ ಸೋದರಮಾವ ಏಣಿಯಿಂದ ಬಿದ್ದು ಹೋದರು. ಆ ಏಣಿ ಅವರದ್ದೇ. ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಅಕ್ಕಪಕ್ಕದವರು ಕೇಳಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಹೊಣೆ?" ಅಂತ ಕೇಳಿ ಕಳಿಸುತ್ತಿದ್ದರು. ಅದಕ್ಕಾಗಿ ಎರಡು ಮನೆಯವರು ಅವರ ಜೊತೆ ಮಾತು ಬಿಟ್ಟಿದ್ದರು. ಮಾವ ಹೋದ ಮೂರನೇ ದಿನ ಸಂಜೆ ಮನೆ ತುಂಬ ಜನ. ಯಾರೂ ಮಾತಾಡುತ್ತಿಲ್ಲ. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಆಗ ಅವರ ಮಗಳು ಅತ್ತು ಅತ್ತು ಕಟ್ಟಿಹೋದ ದನಿಯಲ್ಲಿ ಹೇಳಿದಳು: "ಏಣಿ ಹತ್ತಿದ್ರೆ ಬೀಳ್ತಾರೆ ಅಂತ ಅಪ್ಪ ಹೇಳ್ತಾನೇ ಇದ್ರು. ಯಾರೂ ನಂಬ್ಲಿಲ್ಲ ಅಂತ ತಾವೇ ಹತ್ತಿ ತೋರಿಸಿದ್ರು."

ಒಂದು ಕ್ಷಣ ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಅತ್ತೆಯೇ ಮೊದಲು ನಕ್ಕರು. ಮೂರು ದಿನದಲ್ಲಿ ಮೊದಲ ಸಲ. ನಂತರ ಎಲ್ಲರೂ. ನಗುತ್ತ ನಗುತ್ತಲೇ ಅರ್ಧ ಜನ ಅತ್ತರು. ಆಮೇಲೆ ಮಾವನ ಕಥೆಗಳು ಒಂದೊಂದಾಗಿ ಹೊರಬಂದವು. ಏಣಿಯ ಜಗಳ, ಟಾರ್ಚಿನ ಜಗಳ, ಇನ್ನೂ ಏನೇನೋ.

ಈಗ ಅದೇ ಸಾಲನ್ನು ಮಾತು ಬಿಟ್ಟಿದ್ದ ಪಕ್ಕದ ಮನೆಯವರು ಹೇಳಿದ್ದರೆ? ಅಕ್ಷರ ಬದಲಾಗಿಲ್ಲ. "ತಾವೇ ಹತ್ತಿ ತೋರಿಸಿದ್ರು." ಮಗಳ ಬಾಯಲ್ಲಿ ಆ ಸಾಲಿನಲ್ಲಿ ಮಾವ ಪೂರ್ತಿಯಾಗಿದ್ದಾರೆ. ಹಟ, ಕಾಳಜಿ, ಜಿಪುಣತನ ಎಲ್ಲ ಸೇರಿ. ಪಕ್ಕದ ಮನೆಯವರ ಬಾಯಲ್ಲಿ ಉಳಿಯುವುದು ಏಣಿ ಕೊಡದ ಮನುಷ್ಯ, ಅವನಿಗೆ ತಕ್ಕ ಶಾಸ್ತಿ, ಅಷ್ಟೇ. ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಪದಗಳೇ ಇವೆ. ಒಂದು ಹಾಸ್ಯ, ಇನ್ನೊಂದು ಲೇವಡಿ. ಒಂದರಲ್ಲಿ ಜೊತೆಗೆ ನಗುತ್ತೇವೆ, ಇನ್ನೊಂದರಲ್ಲಿ ನೋಡಿ ನಗುತ್ತೇವೆ. ಎರಡಕ್ಕೂ ಜೋಕ್ ಅನ್ನುವ ಒಂದೇ ಹೆಸರು ಹಚ್ಚಿ ಸುಮ್ನೆ ಗೊಂದಲ ಮಾಡಿಕೊಂಡಿದ್ದೇವೆ.

ದಿನವೂ ಸಾವಿನ ಜೊತೆ ಕೆಲಸ ಮಾಡುವವರ ನಗುವೂ ಮಗಳ ನಗುವಿನ ಕಡೆಗೇ ಇರುತ್ತದೆ. ತುರ್ತು ಚಿಕಿತ್ಸೆಯ ವೈದ್ಯರು, ಆಂಬುಲೆನ್ಸ್‌ನವರು, ಬೆಂಕಿ ಆರಿಸುವವರು ತಮ್ಮೊಳಗೆ ಆಡುವ ಜೋಕುಗಳನ್ನು ಹೊರಗಿನವರು ಕೇಳಿದರೆ ಹೌಹಾರುತ್ತಾರೆ. 2011ರಲ್ಲಿ ಕೇಟಿ ವಾಟ್ಸನ್ ಎಂಬವರು ವೈದ್ಯಕೀಯ ನೀತಿಯ ಪತ್ರಿಕೆಯೊಂದರಲ್ಲಿ ಇಂಥ ಒಂದು ರಾತ್ರಿಯ ಬಗ್ಗೆ ಬರೆದಿದ್ದರು. ಡ್ಯೂಟಿಯಲ್ಲಿದ್ದ ಯುವ ವೈದ್ಯರು ಪಿಜ್ಜಾ ತರಿಸಿದ್ದಾರೆ. ಅದು ಬರುವ ಮೊದಲು ಗುಂಡೇಟು ತಿಂದ ಹುಡುಗನೊಬ್ಬ ಬರುತ್ತಾನೆ. ನೋಡಿದರೆ ಪಿಜ್ಜಾ ತರುತ್ತಿದ್ದವನು ಅವನೇ. ಉಳಿಸಲು ಇದ್ದಬದ್ದ ಪ್ರಯತ್ನ ಎಲ್ಲ ಮಾಡುತ್ತಾರೆ. ಉಳಿಯುವುದಿಲ್ಲ. ಆಮೇಲೆ ಒಬ್ಬ ಹೊರಗೆ ಹೋಗಿ ಬಿದ್ದಿದ್ದ ಡಬ್ಬಿ ಎತ್ತಿಕೊಂಡು ಬರುತ್ತಾನೆ. ಇವನಿಗೆ ಟಿಪ್ಸ್ ಎಷ್ಟು ಕೊಡೋಣ ಅಂತ ಕೇಳುತ್ತಾನೆ. ಎಲ್ಲರೂ ನಗುತ್ತಾರೆ. ಪಿಜ್ಜಾ ತಿನ್ನುತ್ತಾರೆ.

ಅದು ಅಪಘಾತದ ಸಾವಲ್ಲ. ಆದರೆ ಇದಕ್ಕಿಂತ ಕಪ್ಪು ಜೋಕನ್ನು ನಾನು ಓದಿಲ್ಲ. ಆದರೂ ಅದನ್ನು ಕ್ರೂರ ಅನ್ನಲು ಬಾಯಿ ಬರುವುದಿಲ್ಲ. ಆ ಹುಡುಗನ ಎದೆ ಒತ್ತಿ ಸೋತ ಕೈಗಳು ಅವು. ಜೋಕಿನಲ್ಲಿ ಅವನ ತಪ್ಪು ಯಾವುದೂ ಇಲ್ಲ. ಇರುವುದು ತಮ್ಮ ಕೈಲಾಗದ್ದರ ನಾಚಿಕೆ, ಮತ್ತು ಬೆಳಗಿನವರೆಗೆ ಇನ್ನೂ ರೋಗಿಗಳನ್ನು ನೋಡಬೇಕಾದ ಹಸಿವು. ಇದೇ ಜೋಕ್ ಆ ಹುಡುಗನ ತಾಯಿಗೆ ಕೇಳಿಸಿದ್ದರೆ? ಕೇಳಿಸಬಾರದಿತ್ತು. ಕೇಳಿಸಲೂ ಇಲ್ಲ. ಬಾಗಿಲು ಮುಚ್ಚಿತ್ತು.

ಬಾಗಿಲು ಮುಚ್ಚಿರುವುದು ಇಲ್ಲಿ ತುಂಬಾ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಕ್ಕ ಶಾಸ್ತಿ ಅನ್ನುವ ರುಚಿ ಎಲ್ಲಿಂದ ಬಂತು ನೋಡೋಣ.

1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಮನಶ್ಶಾಸ್ತ್ರದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಬ್ಬ ಹೆಂಗಸು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವಳಿಗೆ ವಿದ್ಯುತ್ ಶಾಕ್ ಹೊಡೆಯುವುದನ್ನು ಕೆಲವರು ನೋಡುತ್ತಾರೆ. ಶಾಕ್ ಸುಳ್ಳು, ಅವಳದ್ದು ನಟನೆ. ನೋಡುವವರಿಗೆ ಅದು ಗೊತ್ತಿಲ್ಲ. ಅವಳನ್ನು ಬಿಡಿಸುವ ಅವಕಾಶ ಸಿಕ್ಕವರು ಬಿಡಿಸಿದರು. ಅವಕಾಶ ಇಲ್ಲದೆ ಸುಮ್ಮನೆ ನೋಡಬೇಕಾಗಿ ಬಂದವರು ಏನು ಮಾಡಿದರು ಗೊತ್ತಾ? ಆ ಹೆಂಗಸಿನ ಬಗ್ಗೆಯೇ ಕೆಟ್ಟ ಅಭಿಪ್ರಾಯ ಕೊಟ್ಟರು. ತಪ್ಪಿಲ್ಲದವರಿಗೆ ಸುಮ್ಮಸುಮ್ಮನೆ ನೋವಾಗುತ್ತದೆ ಅನ್ನುವುದನ್ನು ನಮ್ಮ ಮನಸ್ಸು ತಡೆದುಕೊಳ್ಳುವುದಿಲ್ಲ. ಒಪ್ಪಿಕೊಂಡರೆ ನಾಳೆ ನಮಗೂ ಆಗಬಹುದು. ಅದಕ್ಕಿಂತ ಅವರೇ ಸರಿ ಇಲ್ಲ ಅಂದುಕೊಳ್ಳುವುದು ಸುಲಭ.

ಈ ಸುಲಭವನ್ನೇ ಆಟ ಮಾಡಿದ್ದು ಡಾರ್ವಿನ್ ಅವಾರ್ಡ್ಸ್. 1980ರ ದಶಕದಲ್ಲಿ ಇಂಟರ್‌ನೆಟ್‌ನ ಹಳೆಯ ಚರ್ಚಾಕೂಟಗಳಲ್ಲಿ ಹುಟ್ಟಿದ ತಮಾಷೆ ಇದು. 1993ರಲ್ಲಿ ವೆಂಡಿ ನಾರ್ತ್‌ಕಟ್ ಅದಕ್ಕೊಂದು ಸ್ವಂತ ತಾಣ ಮಾಡಿದರು. ಪೆದ್ದುತನದಿಂದ ಸತ್ತವರಿಗೆ, ತಮ್ಮ ವಂಶವಾಹಿಯನ್ನು ಮುಂದಿನ ಪೀಳಿಗೆಗೆ ದಾಟಿಸದೆ ಮನುಕುಲಕ್ಕೆ ಉಪಕಾರ ಮಾಡಿದರು ಅಂತ ಪ್ರಶಸ್ತಿ. ಅಲ್ಲೂ ನಿಯಮಗಳಿವೆ ಅನ್ನುವುದು ನನಗೆ ಕುತೂಹಲದ ವಿಷಯ. ಮಕ್ಕಳಿಗೆ ಪ್ರಶಸ್ತಿ ಇಲ್ಲ. ಬುದ್ಧಿ ನೆಟ್ಟಗಿರಬೇಕು. ಘಟನೆ ನಿಜ ಆಗಿರಬೇಕು. ಸಾವನ್ನು ತಾನೇ ತಂದುಕೊಂಡಿರಬೇಕು. ಅಂದರೆ ನಗುವುದಕ್ಕೂ ಮೊದಲು ಅವರೂ ಒಂದು ವಿಚಾರಣೆ ನಡೆಸುತ್ತಾರೆ. ಆರೋಪಿ ತಪ್ಪಿತಸ್ಥ ಅಂತ ಸಾಬೀತಾದರೆ ಮಾತ್ರ ನಗು.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನ ಕ್ರಿಸ್‌ಮಸ್ ಸಂಚಿಕೆಯಲ್ಲಿ ಈ ಪ್ರಶಸ್ತಿಗಳ ಲೆಕ್ಕ ಹಾಕಿತು. 318 ಪ್ರಕರಣಗಳಲ್ಲಿ 282 ಗಂಡಸರದ್ದು. ಗಂಡಸರು ಪೆದ್ದರು ಅಂತ ನಗೆಯ ತೀರ್ಮಾನ. ಓದುವಾಗ ನಾನೂ ನಕ್ಕಿದ್ದೆ, ಗಂಡಸಾಗಿಯೂ. ಆದರೆ ಅದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡಿ. 2011ರಿಂದ 2017ರವರೆಗೆ ಜಗತ್ತಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ಸತ್ತವರ ಸುದ್ದಿಗಳನ್ನು ಸಂಶೋಧಕರು ಕಲೆಹಾಕಿದರು. 259 ಸಾವು. ಅವರ ಸರಾಸರಿ ವಯಸ್ಸು ಸುಮಾರು 23. ಇದೇ ಪೆದ್ದುತನಕ್ಕೆ ಬೇರೆ ಹೆಸರೂ ಇದೆ, ವಯಸ್ಸು ಅಂತ. ಆ ವಯಸ್ಸಿನಲ್ಲಿ ನಾನು ಓಡುವ ರೈಲಿನ ಬಾಗಿಲಲ್ಲಿ ಒಂದು ಕೈ ಬಿಟ್ಟು ನೇತಾಡಿದ್ದೇನೆ. ನನಗೂ ಪ್ರಶಸ್ತಿ ಬಂದವನಿಗೂ ಇರುವ ವ್ಯತ್ಯಾಸ ಬುದ್ಧಿಯದ್ದಲ್ಲ. ಬಹುಶಃ ಒಂದು ಕಂಬ ಎರಡಡಿ ಆಚೆ ಇದ್ದದ್ದು.

ಹಾಗಂತ ತಪ್ಪು ನಿರ್ಧಾರಗಳನ್ನು ಗೇಲಿ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಟೈಟನ್ ಕಂಪನಿಯ ಮುಖ್ಯಸ್ಥ ಸುರಕ್ಷತೆಯ ನಿಯಮಗಳು ಹೊಸತನಕ್ಕೆ ಅಡ್ಡಿ ಅಂತ ಹೇಳಿಕೊಂಡು ತಿರುಗಿದವರು. ಅವರೂ ಅದರೊಳಗೇ ಸತ್ತರು. ಅವರ ಆ ಧೋರಣೆಯನ್ನು ಲೇವಡಿ ಮಾಡಿದರೆ ನನಗೆ ತಕರಾರಿಲ್ಲ, ಸತ್ತ ಮಾರನೇ ದಿನವೇ ಆದರೂ. ಅದು ಇತರರ ಜೀವಕ್ಕೆ ಎರವಾದ ಧೋರಣೆ. ಆದರೆ ಮೀಮ್‌ಗೆ ಅಷ್ಟು ತಾಳ್ಮೆ ಇಲ್ಲ. ಅದಕ್ಕೆ ಐವರೂ ಒಂದೇ, ಶ್ರೀಮಂತರು ಅಂತ. 19ರ ಹುಡುಗ ಯಾವ ನಿಯಮ ಮುರಿದಿದ್ದ?

ಅದೇ ವಾರದ ಇನ್ನೊಂದು ಸುದ್ದಿ. ಟೈಟನ್ ಕಾಣೆಯಾಗುವ ನಾಲ್ಕು ದಿನ ಮೊದಲು, ಜೂನ್ 14ರಂದು, ಗ್ರೀಸ್‌ನ ಪೈಲೋಸ್ ಬಳಿ ವಲಸಿಗರ ದೋಣಿ ಮುಳುಗಿತು. ಅದರಲ್ಲಿ 750ರವರೆಗೆ ಜನ ಇದ್ದರು ಅಂತ ಅಂದಾಜು. ಬದುಕಿದ್ದು 104. ಅದರ ಬಗ್ಗೆ ಮೀಮ್ ಬರಲಿಲ್ಲ. ಸದ್ಯ ಅಂತ ಸಮಾಧಾನ ಪಡಬೇಕಾ? ನನಗೆ ಆಗುವುದಿಲ್ಲ. ಅದು ಗೌರವದ ಮೌನ ಆಗಿರಲಿಲ್ಲ. ಅಲ್ಲಿ ನಗಲು ಬೇಕಾದ ಮುಖ, ಟಿಕೆಟ್, ಕಂಟ್ರೋಲರ್ ಯಾವುದೂ ಇರಲಿಲ್ಲ. ನಗುವುದಕ್ಕೂ ನಾವು ಸ್ವಲ್ಪವಾದರೂ ನೋಡಬೇಕು. ಅವರನ್ನು ನೋಡಲೇ ಇಲ್ಲ.

ಫೋನ್ ಬಂದ ಮೇಲೆ ಜನ ಕಲ್ಲುಮನಸ್ಸಿನವರಾದರು ಅನ್ನುವವರಿಗೆ ಚಾಲೆಂಜರ್ ನೆನಪಿಸಬೇಕು. 1986ರ ಜನವರಿ 28ರಂದು ಆ ಗಗನನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ಒಬ್ಬರು ಶಾಲಾ ಶಿಕ್ಷಕಿ, ಹಾಗಾಗಿ ಎಷ್ಟೋ ಮಕ್ಕಳು ಅದನ್ನು ತರಗತಿಯಲ್ಲಿ ಕೂತು ನೇರವಾಗಿ ನೋಡುತ್ತಿದ್ದರು. ಕೆಲವೇ ವಾರಗಳಲ್ಲಿ ಅಮೆರಿಕದ ತುಂಬ ಆ ಬಗ್ಗೆ ಜೋಕುಗಳು. ಫಾರ್ವರ್ಡ್ ಇಲ್ಲದ ಕಾಲ, ಬಾಯಿಂದ ಬಾಯಿಗೇ ಹೋದವು. ಜಾನಪದ ವಿದ್ವಾಂಸರು ಅವನ್ನು ಕಲೆಹಾಕಿ ಅಧ್ಯಯನ ಮಾಡಿದರು. ದುಃಖ ತಡೆದುಕೊಳ್ಳಲು ಜನ ಹೀಗೆ ಮಾಡುತ್ತಾರೆ ಅಂತ ಕೆಲವರು ಅಂದರು. ಆ ವಿದ್ವಾಂಸರಲ್ಲೊಬ್ಬರಾದ ಎಲಿಯಟ್ ಓರಿಂಗ್ ಅದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಟಿವಿ ಅದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತ, ನೀವು ಹೀಗೆ ದುಃಖಪಡಬೇಕು ಅಂತ ಪಾಠ ಹೇಳುತ್ತಿತ್ತು. ಜೋಕ್ ಆ ಪಾಠಕ್ಕೆ ಎದುರುತ್ತರ ಅನ್ನುವುದು ಅವರ ವಾದದ ಸಾರ. ಇದರಲ್ಲಿ ಹುರುಳಿದೆ. ಟೈಟನ್ ಗಂಟೆ ಎಣಿಸುವಾಗ ಟಿವಿಯವರ ಗಂಭೀರ ಮುಖ ನೋಡಿ ನನಗೂ ರೇಗಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿದದ್ದು ಮೀಮ್ ಮಾಡಿದವರು ಮಾತ್ರ ಅಲ್ಲ.

ಆದರೆ ಬಾಯಿಂದ ಬಾಯಿಗೆ ಹೋಗುವ ಜೋಕಿಗೆ ಒಂದು ಬಾಗಿಲು ಇತ್ತು. ಹೇಳುವ ಮೊದಲು ಜನ ಸುತ್ತ ನೋಡುತ್ತಿದ್ದರು. ಯಾರಿದ್ದಾರೆ, ಯಾರ ಮುಖ ಹೇಗಿದೆ. ಪರದೆಯಲ್ಲಿ ಆ ನೋಟ ಇಲ್ಲ.

ನಮ್ಮ ಹಳೆಯ ಸಹಪಾಠಿಗಳ ಒಂದು ಗುಂಪಿದೆ. ಒಂದು ಮಧ್ಯಾಹ್ನ ಒಬ್ಬ ಸಿಸಿಟಿವಿ ವಿಡಿಯೋ ಹಾಕಿದ. ಯಾರೋ ಫೋನ್ ನೋಡುತ್ತ ನಡೆಯುತ್ತಾನೆ, ಮುಂದಿನ ಹೆಜ್ಜೆಗೆ ಗುಂಡಿಯೊಳಗೆ ಮಾಯ. ಅವನು ಬದುಕಿದನೋ ಇಲ್ಲವೋ ವಿಡಿಯೋದಲ್ಲಿಲ್ಲ. ಕೆಳಗೆ "ಲೈನ್ ಡಿಸ್ಕನೆಕ್ಟ್ ಆಯ್ತು" ಅಂತ ಒಂದು ಸಾಲು. ಸಾಲುಸಾಲು ನಗುವ ಮುಖಗಳು. ನನ್ನದೂ ಒಂದು. ಐದು ನಿಮಿಷಕ್ಕೆ ಆ ನಗುಗಳ ನಡುವೆ ಬೂದು ಬಣ್ಣದ ಒಂದು ಸಣ್ಣ ಸಾಲು ಬಂತು. ಒಬ್ಬಳು ಗುಂಪು ಬಿಟ್ಟು ಹೋಗಿದ್ದಳು. "ಯಾಕೆ ಹೋದ್ಳು?" ಅಂತ ಅಡ್ಮಿನ್ ಕೇಳಿದ. ಯಾರಿಗೂ ಗೊತ್ತಿಲ್ಲ. ಇನ್ನೊಬ್ಬ ಬೇರೆ ಏನೋ ಫಾರ್ವರ್ಡ್ ಮಾಡಿದ, ಮಾತು ಮುಂದೆ ಹೋಯಿತು. ರಾತ್ರಿ ಮಲಗಿದ ಮೇಲೆ ನನಗೆ ನೆನಪಾಯಿತು. ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದರ ಲಿಫ್ಟ್ ಗುಂಡಿಗೆ ಬಿದ್ದು ಅವಳ ತಮ್ಮ ತೀರಿಕೊಂಡಿದ್ದ. ನಾವೆಲ್ಲ ಅವಳ ಮನೆಗೆ ಹೋಗಿ ಬಂದಿದ್ದೆವು. ನಗುವ ಮುಖ ಒತ್ತಿದವರಲ್ಲಿ ಅರ್ಧ ಜನ ಅಂದು ಅಲ್ಲಿದ್ದವರೇ.

ಇದು ವಿಶೇಷ ದುರದೃಷ್ಟವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಐದರಿಂದ 29 ವರ್ಷದೊಳಗಿನವರ ಸಾವಿಗೆ ಅದೇ ಮೊದಲ ಕಾರಣ. ನೀರಿನಲ್ಲಿ ಮುಳುಗಿ ಸತ್ತವರು 2021ರಲ್ಲಿ ಸುಮಾರು ಮೂರು ಲಕ್ಷ. ಬಿದ್ದು ಸಾಯುವವರು, ಸುಟ್ಟು ಸಾಯುವವರು ಬೇರೆ. ನೂರು ಜನರ ಗುಂಪಿನಲ್ಲಿ ಇಂಥ ಸಾವು ಕಂಡ ಮನೆಯವರು ಒಬ್ಬರೂ ಇಲ್ಲದಿದ್ದರೆ ಅದೇ ಆಶ್ಚರ್ಯ.

ಕಾನೂನು ಇದಕ್ಕೆ ಮದ್ದಲ್ಲ ಅನ್ನುವುದು ನನ್ನ ಅನಿಸಿಕೆ. 2014ರ ಡಿಸೆಂಬರ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ ಕಸದ ಲಾರಿ ಜನರ ಮೇಲೆ ನುಗ್ಗಿ ಆರು ಮಂದಿ ಸತ್ತರು. ಯುವಕನೊಬ್ಬ ಸತ್ತವರನ್ನೂ ಕಸವನ್ನೂ ಸೇರಿಸಿ ಒಂದು ಸಾಲು ಟ್ವೀಟ್ ಮಾಡಿದ. ಪೊಲೀಸರು ಬಂಧಿಸಿದರು. ಆ ಸಾಲು ಹೊಲಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲಸು ಜೋಕಿಗೆ ಪೊಲೀಸ್ ಬಂದರೆ ನಾಳೆ ಲಾರಿ ಕಂಪನಿಯನ್ನೋ ಸರ್ಕಾರವನ್ನೋ ಗೇಲಿ ಮಾಡಿದವರ ಮನೆಗೂ ಅದೇ ಜೀಪು ಬರುತ್ತದೆ. ಕೆಲಸ ಕಳೆದುಕೊಳ್ಳುವ ಶಿಕ್ಷೆಯೂ ಇದೆ. ಮೇಲೆ ಹೇಳಿದ ಗಾಟ್‌ಫ್ರೀಡ್ 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿಯ ಬಗ್ಗೆ ಜೋಕುಗಳನ್ನು ಟ್ವೀಟ್ ಮಾಡಿದಾಗ, ಅವರ ದನಿ ಬಳಸುತ್ತಿದ್ದ ವಿಮಾ ಕಂಪನಿ ಅಫ್ಲಾಕ್ ಅವರನ್ನು ಕೈಬಿಟ್ಟಿತು. ನೈತಿಕತೆ ಅಂತ ತುಂಬಾ ಹೊಗಳಬೇಕಿಲ್ಲ. ಅಫ್ಲಾಕ್‌ನ ವ್ಯವಹಾರದ ದೊಡ್ಡ ಪಾಲು ಇದ್ದದ್ದೇ ಜಪಾನಿನಲ್ಲಿ.

ಜೋಕ್ ಜೀವ ಉಳಿಸುವ ಕೆಲಸಕ್ಕೂ ಬಂದಿದೆ. 2012ರಲ್ಲಿ ಮೆಲ್ಬರ್ನ್‌ನ ಮೆಟ್ರೋ ರೈಲಿನವರು ಎಚ್ಚರಿಕೆಯ ಬೋರ್ಡುಗಳ ಬದಲು ಒಂದು ಅನಿಮೇಷನ್ ಹಾಡು ಮಾಡಿದರು. ಮುದ್ದಾದ ಬೊಂಬೆಗಳು ಒಂದೊಂದು ಪೆದ್ದು ರೀತಿಯಲ್ಲಿ ಸಾಯುತ್ತವೆ. ಕೊನೆಗೆ ರೈಲು ಹಳಿಯ ಸಾವು. ಜಗತ್ತೆಲ್ಲ ಗುನುಗಿತು, ಮಕ್ಕಳೂ ಹಾಡಿದರು. ಅಲ್ಲಿ ನಗುವಾಗ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ನಿಜವಾದ ಒಬ್ಬ ಸತ್ತವನನ್ನು ಎಳೆದು ತರದೆ ಸಾವಿನ ಬಗ್ಗೆ ನಗಿಸಲು ಬರುತ್ತದೆ ಅಂತ ಆಯಿತು. ಕಷ್ಟ ಜಾಸ್ತಿ, ಅಷ್ಟೇ. ಸುಮ್ನೆ ಸಿಸಿಟಿವಿ ವಿಡಿಯೋಗೆ ಒಂದು ಸಾಲು ಬರೆಯುವುದು ಸುಲಭ.

ಮಾವ ಹೋಗಿ ವರ್ಷ ಕಳೆದಿತ್ತು. ಒಂದು ಸಂಜೆ ಗೆಳೆಯರ ಜೊತೆ ಕೂತಿದ್ದಾಗ ನಾನೇ ಏಣಿಯ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಪಕ್ಕದ ಮನೆಯವರ ಜಗಳದಿಂದ ಶುರುಮಾಡಿ "ತಾವೇ ಹತ್ತಿ ತೋರಿಸಿದ್ರು" ಅನ್ನುವವರೆಗೆ. ಒಬ್ಬ ಜೋರಾಗಿ ನಕ್ಕ. ಮೇಜು ಬಡಿದು ನಕ್ಕ. ನಗಲಿ ಅಂತಲೇ ನಾನು ಹೇಳಿದ್ದು. ಆದರೂ ಅವನ ಮೇಲೆ ನನಗೆ ಎಂಥಾ ಸಿಟ್ಟು ಬಂತು ಅಂದರೆ ಎದ್ದು ಹೊರಗೆ ಹೋದೆ. "ಏನಾಯ್ತೋ?" ಅಂತ ಹಿಂದೆಯೇ ಬಂದ. "ಏನಿಲ್ಲ" ಅಂದೆ. ಅವನದ್ದೇನು ತಪ್ಪು ಅಂತ ಇವತ್ತಿಗೂ ಹೇಳಲು ಬರುವುದಿಲ್ಲ.

ಏಣಿ ಈಗಲೂ ಮಾವನ ಮನೆಯ ಹಿತ್ತಿಲಲ್ಲಿ ಗೋಡೆಗೆ ಒರಗಿದೆ. ಯಾರಾದರೂ ಕೇಳಲು ಬಂದರೆ ಅವರ ಮಗಳು ಬಾಗಿಲಲ್ಲೇ ನಿಲ್ಲಿಸುತ್ತಾಳೆ.